ಇಸ್ತ್ರಿಮನೆಗೆ ಕಾಲ್ಮಾ ಬಂದದ್ದು

ಮಡಚಣ್ಣ ತನ್ನನ್ನು ಬೈದವರಿಗೂ ಥ್ಯಾಂಕ್ಸ್ ಹೇಳುತ್ತಿದ್ದ. ಬಸ್ಸು ಅವನನ್ನು ಕಂಡೂ ಕಾಣದಂತೆ ಮುಂದೆ ಹೋದರೆ, ಅದರ ಬೆನ್ನಿಗೆ ಕೈಯೆತ್ತಿ, "ಪರವಾಗಿಲ್ಲ, ನಿಮಗೂ ಅರ್ಜೆಂಟ್ ಇರುತ್ತೆ" ಎನ್ನುವ ಜೀವ. ಇಂಥವನಿಂದಲೂ ಕ್ರಾಂತಿಯಾದೀತು ಎಂದು ಯಾವ ಕ್ರಾಂತಿಕಾರಿಯೂ ಬರೆದಿಟ್ಟಿಲ್ಲ. ಅದು ಕ್ರಾಂತಿಕಾರಿಗಳ ತಪ್ಪು, ಮಡಚಣ್ಣನದಲ್ಲ.

ಅವನ ಕೆಲಸ ಮಡಚುವುದು. ದೊಡ್ಡ ಹೋಟೆಲುಗಳ, ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಅದು. ಇಸ್ತ್ರಿಯಾಗಿ ಬಂದ ಬೆಡ್‌ಶೀಟನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಚಿ ಕಟ್ಟು ಕಟ್ಟಬೇಕು. ಮಲಗುವವರಿಗೆ ಬೇಕಾದ್ದನ್ನು ಇಡೀ ದಿನ ನಿಂತೇ ಇರುವವರು ಸಿದ್ಧಪಡಿಸುವುದು ಲೋಕದ ನಿಯಮವಾದ್ದರಿಂದ, ಇಸ್ತ್ರಿಮನೆಯ ಆ ದೊಡ್ಡ ಹಾಲಿನಲ್ಲಿ ಒಂದು ಸ್ಟೂಲು ಕೂಡ ಇರಲಿಲ್ಲ. ವರ್ಷಗಟ್ಟಲೆ ಮಡಚಿ ಮಡಚಿ ಆ ಅಭ್ಯಾಸ ಅವನ ತಲೆಗೂ ಹತ್ತಿತ್ತು. ಕೇಳಿದ್ದನ್ನೆಲ್ಲ ನಾಲ್ಕಾಗಿ ಮಡಚಿ ಒಳಗಿಟ್ಟುಕೊಳ್ಳುತ್ತಿದ್ದ. ಬೇಕಾದಾಗ ಬಿಚ್ಚಿದರೆ ಒಳಮೈ ಹೊರಗೆ, ತಲೆಯ ಕಡೆಯದು ಕಾಲಿನ ಕಡೆಗೆ.

ಅದೇ ಹಾಲಿನ ನಡುವೆ ರೋಲರ್ ಇತ್ತು. ಆಳುದ್ದದ ಉರುಳೆಗಳು, ಒಳಗೆ ಹಬೆ. ಒದ್ದೆ ಬೆಡ್‌ಶೀಟನ್ನು ಈ ಕಡೆಯಿಂದ ಇಬ್ಬರು ಹೆಂಗಸರು ಬಾಯಿಗಿಟ್ಟರೆ ಆ ಕಡೆಯಿಂದ ಹಪ್ಪಳದಂತೆ ಹೊರಬರುತ್ತಿತ್ತು. ಒಮ್ಮೆ ಕಾಯಿಸಿದ ರೋಲರನ್ನು ಸಂಜೆಯವರೆಗೆ ನಿಲ್ಲಿಸುವಂತಿಲ್ಲ. ತಣಿದರೆ ಮತ್ತೆ ಕಾಯಿಸಲು ಖರ್ಚು. ಹೀಗಾಗಿ ಯಂತ್ರ ಬಿಡುವಿಲ್ಲದೆ ತಿನ್ನುತ್ತಿತ್ತು, ಜನ ಸರದಿಯ ಮೇಲೆ ಓಡಿ ಹೋಗಿ ಎರಡು ತುತ್ತು ತಿಂದು ಬರುತ್ತಿದ್ದರು. ಮಧ್ಯಾಹ್ನವಾದರೆ ಮೇಲೆ ತಗಡಿನ ಛಾವಣಿ, ಅದರ ಮೇಲೆ ಸೂರ್ಯ, ಕೆಳಗೆ ಹಬೆ.

ರೋಲರಿನ ಬಾಯಿಗೆ ಬಟ್ಟೆ ಕೊಡುವವರಲ್ಲಿ ಒಬ್ಬಳು ಮಡಚಣ್ಣನ ಅತ್ತಿಗೆ. ಅಣ್ಣನ ಬೆನ್ನು ಕೆಟ್ಟು ಅವನು ಮಂಚ ಹಿಡಿದ ಮೇಲೆ ಆ ಮನೆಯ ಬೆನ್ನು ಇವಳೇ. ಆ ಬೇಸಿಗೆಯಲ್ಲಿ ಅವಳು ಒಂದಲ್ಲ, ಎರಡು ಸಲ ಬಿಸಿಲೇರಿದ ಹೊತ್ತಿಗೆ ಕಣ್ಣು ಕತ್ತಲಿಟ್ಟು ಬಿದ್ದಿದ್ದಳು. ಎರಡನೆಯ ಸಲ ಸೂಪರ್‌ವೈಸರ್ ಅವಳ ಮುಖಕ್ಕೆ ನೀರು ಚಿಮುಕಿಸುತ್ತಲೇ, "ನೋಡಮ್ಮ, ಇನ್ನೊಂದು ಸಲ ಬೀಳೋದಾದ್ರೆ ಗೇಟಿನ ಹೊರಗೆ ಬೀಳು. ಮತ್ತೆ ಒಳಗೆ ಬರೋ ಕಷ್ಟ ಬೇಡ" ಎಂದಿದ್ದ.

"ನೀರು ಹಾಕಿದ್ದಕ್ಕೆ ಥ್ಯಾಂಕ್ಸ್ ಸಾರ್" ಎಂದಿದ್ದ ಮಡಚಣ್ಣ.

ಅತ್ತಿಗೆ ಮಲಗಿದಲ್ಲಿಂದಲೇ ಮೈದುನನನ್ನು ನೋಡಿದ ನೋಟಕ್ಕೆ ರೋಲರಿಗಿಂತ ಹೆಚ್ಚು ಕಾವಿತ್ತು.

ಈ ಸೂಪರ್‌ವೈಸರನಿಗೆ ಹಾಲಿನ ಹೆಂಗಸರು ಇಟ್ಟ ಹೆಸರು 'ಗೊತ್ತು ಸಾರ್'. ಹುಟ್ಟಿದಾಗಿನಿಂದ ಅವನು 'ಗೊತ್ತಿಲ್ಲ' ಎಂದವನಲ್ಲ. ನಿಮ್ಮ ಅಂಗಿಗೆ ಬೆಂಕಿ ಬಿದ್ದಿದೆ ಎಂದರೂ "ಗೊತ್ತು, ಗೊತ್ತು" ಎಂದು ಮೊದಲು ಹೇಳಿ ಆಮೇಲೆ ಕುಣಿಯುವ ಆಸಾಮಿ. ಇದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದೆಲ್ಲ ಈ ಒಂದು ಮೊಳೆಯ ಮೇಲೆ ನೇತಾಡುತ್ತದೆ.

ಮಡಚಣ್ಣನಿಗೆ ಇನ್ನೊಂದು ಚಟವಿತ್ತು, ಓದಿನದು. ಸೈಕಲ್ ಅಂಗಡಿಯ ಮಹಡಿಯಲ್ಲಿ ಭಾನುವಾರ ಸಂಜೆ ಸೇರುವ ಓದುಗರ ಬಳಗಕ್ಕೆ ಹೋಗುತ್ತಿದ್ದ. ಅದನ್ನು ನಡೆಸುವವರು ನಿವೃತ್ತ ಗ್ರಂಥಪಾಲಕಿ. ಎಲ್ಲರಿಗೂ ಅವರು ಲೈಬ್ರರಿ ಮೇಡಂ. ಬಳಗದಲ್ಲೊಂದು ಕಟ್ಟಳೆ. ಬಿಸ್ಕತ್ತಿನ ಡಬ್ಬದಲ್ಲಿ ಚೀಟಿಗಳಿರುತ್ತವೆ, ಒಂದೊಂದರ ಮೇಲೂ ಯಾವುದೋ ದೇಶದ ಒಂದು ಪದ. ಯಾರ ಕೈಗೆ ಯಾವುದು ಬರುತ್ತದೋ ಅವರು ಮುಂದಿನ ಭಾನುವಾರ ಆ ಪದದ ಬಗ್ಗೆ ಎದ್ದು ನಿಂತು ಮಾತಾಡಬೇಕು. ಅದಕ್ಕೆ ಮೊದಲು ಮನೆಯವರಿಗೊಮ್ಮೆ, ಕೆಲಸದ ಜಾಗದವರಿಗೊಮ್ಮೆ ಅದನ್ನು ವಿವರಿಸಿ ಬರಬೇಕು. "ಓದದವರಿಗೆ ಅರ್ಥ ಆಗಲಿಲ್ಲ ಅಂದ್ರೆ ನಿನಗೂ ಅರ್ಥ ಆಗಿಲ್ಲ ಅಂತ ತಿಳ್ಕೋ" ಎನ್ನುವುದು ಮೇಡಂ ಮಾತು.

ಮಡಚಣ್ಣನ ಕೈಗೆ ಬಂದದ್ದು 'ಕಾಲ್ಮಾ'.

ಮೇಡಂ ಬಿಡಿಸಿ ಹೇಳಿದರು. ಅದು ಸ್ಪೇನಿನವರ ಮಾತು. ಪ್ರಶಾಂತತೆ, ಗಾಳಿಯಿಲ್ಲದ ಕಡಲಿನ ನಿಶ್ಚಲತೆ ಎಂದು ಅರ್ಥ. ಆದರೆ ಅದರ ಮೂಲ ಗ್ರೀಕರ 'ಕೌಮಾ'. ಅದಕ್ಕೆ ಅರ್ಥ ಉರಿ, ಸುಡು ಬಿಸಿಲು. ಸೂರ್ಯ ನೆತ್ತಿಗೇರಿ ಸುಡುವಾಗ ಕೆಲಸಗಾರ ಕೈಲಿದ್ದದ್ದನ್ನು ಕೆಳಗಿಟ್ಟು ನೆರಳಿಗೆ ಹೋಗುತ್ತಾನೆ, ಬಯಲಿನಲ್ಲಿ ಸದ್ದಿರುವುದಿಲ್ಲ. ಹಾಗೆ ಉರಿಯ ಹೆಸರು ಉರಿಯ ಹೊತ್ತಿನ ವಿಶ್ರಾಂತಿಗೆ ಅಂಟಿ, ಕೊನೆಗೆ ಎಲ್ಲ ಬಗೆಯ ಶಾಂತಿಗೂ ಬಂತು. ಇಂಗ್ಲಿಷಿನ 'ಕಾಮ್' ಹುಟ್ಟಿದ್ದು ಈ ದಾರಿಯಲ್ಲೇ. ಮುಟ್ಟಿದರೆ ಸುಡುವ 'ಕಾಸ್ಟಿಕ್', ಗಾಯವನ್ನು ಸುಟ್ಟು ಮಾಯಿಸುವ ವೈದ್ಯರ 'ಕಾಟರಿ', ಹಿಂದೆ ಬಣ್ಣವನ್ನು ಕಾಯಿಸಿ ಕೂರಿಸುತ್ತಿದ್ದುದರಿಂದ ಬಂದ 'ಇಂಕ್', ಇವೆಲ್ಲ ಅದರ ದಾಯಾದಿಗಳು.

"ಒಟ್ಟಿನಲ್ಲಿ ಬೆಂಕಿಯ ಮನೆತನದಲ್ಲಿ ಹುಟ್ಟಿದ ತಣ್ಣನೆಯ ಹುಡುಗಿ ಇವಳು" ಎಂದು ಮೇಡಂ ಮುಗಿಸಿದರು.

"ತುಂಬಾ ಥ್ಯಾಂಕ್ಸ್ ಮೇಡಂ" ಎಂದು ಮಡಚಣ್ಣ ಅದನ್ನು ನಾಲ್ಕಾಗಿ ಮಡಚಿ ಒಳಗಿಟ್ಟುಕೊಂಡು ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಅತ್ತೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯಾಕೆ ಒಂದು ನಿಂಬೆಹಣ್ಣು ಕೇಳಲು ಬಂದು, ಕೊಟ್ಟ ಮೇಲೂ ನಿಂತಿದ್ದಳು. ಕಟ್ಟಳೆ ಕಟ್ಟಳೆಯೇ ಎಂದು ಮಡಚಣ್ಣ ಗಂಟಲು ಸರಿಮಾಡಿಕೊಂಡ.

"ಇವತ್ತು ನನಗೆ ಕಾಲ್ಮಾ ಸಿಕ್ಕಳು."

ಚಾಕು ನಿಂತಿತು. "ಯಾರ್ರೀ ಅದು?"

"ಸ್ಪೇನಿನವಳು. ತಾಯಿ ಕಡೆಯಿಂದ ಗ್ರೀಕ್. ಬೆಂಕಿಯಂಥ ಮನೆತನ, ಆದರೆ ಹುಡುಗಿ ಮಾತ್ರ ತಣ್ಣಗೆ."

ಅತ್ತೆ ಕಣ್ಣು ಬಿಟ್ಟರು. "ಮದುವೆ ಆಗಿದೆಯಾ ಅಳಿಯಂದ್ರೇ?"

"ಇಂಗ್ಲೆಂಡಿನಲ್ಲಿ ಒಬ್ಬ ಮಗ ಇದ್ದಾನೆ."

"ಗಂಡ?"

"ಗಂಡನ ವಿಷಯ ಮೇಡಂ ಏನೂ ಹೇಳಲಿಲ್ಲ."

"ಹಾಗಿರೋರೇ ಅಪಾಯ" ಎಂದರು ಅತ್ತೆ. ಪಕ್ಕದ ಮನೆಯಾಕೆ ನಿಂಬೆಹಣ್ಣನ್ನು ಮರೆತು ಹೊರಗೆ ಓಡಿದಳು. ಅವಳು ಕೊನೆಯ ಮನೆ ಮುಟ್ಟುವಷ್ಟರಲ್ಲಿ ಕಾಲ್ಮಾ ವಿಮಾನ ಹತ್ತಿಯಾಗಿತ್ತು. ವಾಪಸು ಬರುವಷ್ಟರಲ್ಲಿ ಬೀದಿಯ ತುದಿಯಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದಳು. ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ತಾನೇ ಬಂದು ಬಾಗಿಲಲ್ಲಿ ನಿಂತು, "ತಮ್ಮಾ, ಈ ವಯಸ್ಸಿನಲ್ಲಿ ಬೇರೆ ದೇಶದ ಉಸಾಬರಿ ಬೇಡ. ಭಾಷೆ ಬರದೆ ಜಗಳ ಆಡೋದು ಬಹಳ ಕಷ್ಟ" ಎಂದು ಬುದ್ಧಿ ಹೇಳಿದ.

"ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದ ಮಡಚಣ್ಣ.

"ಅಂದ್ರೆ ಒಪ್ಕೊಂಡ್ರಿ!" ಎಂದಳು ಹೆಂಡತಿ.

ಚೀಟಿ ತೋರಿಸಿ, ಆಣೆ ಮಾಡಿ, ಅದು ಪದ, ಬರೀ ಪದ, ರಕ್ತಮಾಂಸ ಇಲ್ಲ ಎಂದು ನಂಬಿಸುವಷ್ಟರಲ್ಲಿ ಒಲೆಯ ಮೇಲಿನದು ಸೀದುಹೋಗಿತ್ತು. ಹೆಂಡತಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದಳು. "ಒಂದು ಪದಕ್ಕೆ ಇಷ್ಟೊಂದು ನೆಂಟರಾ? ನಮ್ಮ ಮದುವೆಗೂ ಇಷ್ಟು ಜನ ಬಂದಿರಲಿಲ್ಲ. ನೋಡಿ, ನಾಳೆ ಕೆಲಸದ ಹತ್ತಿರ ತಾಯಿ, ಮಗಳು, ಮನೆತನ ಅಂತ ಬಾಯಿ ಬಿಟ್ಟೀರಿ ಜೋಕೆ. ಅದು ಏನು ಮಾಡುತ್ತೋ ಅಷ್ಟು ಮಾತ್ರ ಹೇಳಿ."

"ಒಳ್ಳೇ ಮಾತು. ಥ್ಯಾಂಕ್ಸ್" ಎಂದ ಮಡಚಣ್ಣ. ಹೆಂಡತಿಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಗಂಡಂದಿರ ಇತಿಹಾಸದಲ್ಲಿ ಇಷ್ಟು ದೊಡ್ಡ ಪರಿಣಾಮ ಮತ್ತೆಲ್ಲೂ ಕಾಣಸಿಗದು.

ಮರುದಿನ ಮಧ್ಯಾಹ್ನ ರೋಲರಿನ ಪಕ್ಕದಲ್ಲಿ ಅತ್ತಿಗೆ ಒಂದು ಕೈಯಿಂದ ಕಂಬ ಹಿಡಿದು ಇನ್ನೊಂದರಿಂದ ಬಟ್ಟೆ ಕೊಡುತ್ತಿದ್ದಳು. ಆ ಕಡೆ ಬಟ್ಟೆ ಹಿಡಿಯುವವಳು ಪಟಾಕಿ. ಮಾತಿಗೆ ಬತ್ತಿ ಹಚ್ಚುವ ಮೊದಲೇ ಸಿಡಿಯುವವಳಾದ್ದರಿಂದ ಆ ಹೆಸರು. ಮಡಚಣ್ಣ ಬೆಡ್‌ಶೀಟು ಮಡಚುತ್ತ ಶುರು ಮಾಡಿದ.

"ಅತ್ತಿಗೆ, ಕಾಲ್ಮಾ ಅಂತ ಇದೆ. ಸೂರ್ಯ ನೆತ್ತಿಗೆ ಬಂದ ಕೂಡಲೇ ಎಲ್ಲರೂ ಕೈಲಿರೋದನ್ನ ಕೆಳಗಿಟ್ಟು ನೆರಳಿನಲ್ಲಿ ಸುಮ್ಮನೆ ಕೂರೋದು. ಹಡಗು ಕೂಡ ನಿಂತುಬಿಡುತ್ತೆ."

"ಯಾವ ಪುಣ್ಯಾತ್ಮರ ಊರಪ್ಪಾ ಅದು?"

"ಮೊದಲು ಗ್ರೀಕರಲ್ಲಿತ್ತು. ಅಲ್ಲಿಂದ ಸ್ಪೇನಿಗೆ ಬಂತು. ಆಮೇಲೆ ಇಂಗ್ಲೆಂಡಿಗೂ ಹೋಯ್ತು. ನಾವು ಬಟ್ಟೆ ಒಗೆಯೋಕೆ ಹಾಕೋ ಕಾಸ್ಟಿಕ್ ಸೋಡಾ ಡ್ರಮ್ಮಿಗೂ ಅದಕ್ಕೂ ಸಂಬಂಧ ಇದೆ."

"ಏನದು? ಏನು ಬಂತು?" ಬಾಗಿಲಲ್ಲಿ ಗೊತ್ತು ಸಾರ್ ನಿಂತಿದ್ದ.

ಮಡಚಣ್ಣ ಬಾಯಿ ತೆರೆದ. ಅಷ್ಟರಲ್ಲಿ ಪಟಾಕಿ ಸಿಡಿದಾಗಿತ್ತು. "ಕಾಲ್ಮಾ ಸಾರ್! ಸೂರ್ಯ ನೆತ್ತಿಗೆ ಬಂದ್ರೆ ಎಲ್ಲರೂ ಕೆಲಸ ನಿಲ್ಲಿಸಿ ಕೂರೋದು. ಇಂಗ್ಲೆಂಡಿಗೂ ಬಂದಿದೆಯಂತೆ. ನಿಮಗೆ ಗೊತ್ತೇ ಇರುತ್ತಲ್ಲ."

ಇದು ಆ ಮನುಷ್ಯನ ಬದುಕಿನ ಅತ್ಯಂತ ಕಠಿಣ ಗಳಿಗೆ. ಒಂದು ಕ್ಷಣ ಅವನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಅಭ್ಯಾಸಬಲ ದೊಡ್ಡದು.

"ಗೊತ್ತು, ಗೊತ್ತು. ಕಾಲ್ಮಾ ನನಗೆ ಗೊತ್ತಿಲ್ವಾ? ಟ್ರೈನಿಂಗಿನಲ್ಲೇ ಹೇಳಿಕೊಟ್ಟಿದ್ರು. ಕಾಸ್ಟಿಕ್ ಇರೋ ಕಡೆ ಅದು ಮುಖ್ಯ" ಎಂದು ಹೇಳಿ, ನಡೆಯುತ್ತ ಹೋಗಿ, ಮೂಲೆ ತಿರುಗಿದ ಮೇಲೆ ಓಡಿದ.

ಮಾಲೀಕರ ಕೋಣೆಯಲ್ಲಿ ಎಷ್ಟು ತಂಪಿತ್ತೆಂದರೆ ಅವರು ಬೇಸಿಗೆಯಲ್ಲೂ ಕೋಟು ತೊಟ್ಟು ಕೂರುತ್ತಿದ್ದರು. ತಮ್ಮ ಹಾಲಿನಲ್ಲಿ ಬಿಸಿಲಿದೆ ಎಂಬ ಸುದ್ದಿ ಅವರಿಗೆ ಯಾರೋ ಹೇಳಿ ಗೊತ್ತಿತ್ತು.

"ಸಾರ್, ಕಾಲ್ಮಾ ವಿಷಯ" ಎಂದ ಗೊತ್ತು ಸಾರ್, ಮೇಲುಸಿರು ಬಿಡುತ್ತ. "ಹನ್ನೆರಡಕ್ಕೆ ಎಲ್ಲಾ ನಿಲ್ಲಿಸಿ ಅರ್ಧ ಗಂಟೆ ಕೂರಿಸೋದು, ನಮ್ಮಲ್ಲಿ ಇನ್ನೂ ಮಾಡಿಲ್ಲ. ಕೆಲಸದವರೇ ಮಾತಾಡ್ಕೋತಿದಾರೆ. ಸ್ಪೇನ್, ಇಂಗ್ಲೆಂಡ್, ಎಲ್ಲಾ ಕಡೆ ಆಗಿದೆ."

ಮಾಲೀಕರು ಒಮ್ಮೆ ಯಂತ್ರಗಳ ಪ್ರದರ್ಶನಕ್ಕೆಂದು ವಿದೇಶಕ್ಕೆ ಹೋಗಿಬಂದವರು. ಹೋದವರು ನೋಡದೇ ಇರುವುದುಂಟೆ? "ಕಾಲ್ಮಾನಾ! ನಾನೇ ಕಣ್ಣಾರೆ ನೋಡಿ ಬಂದಿದೀನಿ ಕಣಯ್ಯಾ. ದೊಡ್ಡ ದೊಡ್ಡ ಲಾಂಡ್ರಿಯಲ್ಲೆಲ್ಲ ಇದೆ. ನೀನು ಇಷ್ಟು ದಿನ ಏನು ಮಾಡ್ತಿದ್ದೆ? ನಮಗೆ ಬಟ್ಟೆ ಕೊಡೋ ಆ ಹೊಸ ಹೋಟೆಲಿನವರು ಹೊರದೇಶದವರು. ಅವರೇನಾದ್ರೂ ಕೇಳಿದ್ರೆ ನನ್ನ ಮರ್ಯಾದೆ ಗತಿ ಏನು?"

ಕೂಡಲೇ ಹೋಟೆಲಿನ ಖರೀದಿ ಅಧಿಕಾರಿಗೆ ಫೋನ್ ಹೋಯಿತು. "ನಮ್ಮಲ್ಲಿ ಕಾಲ್ಮಾ ಶುರು ಮಾಡ್ತಿದೀವಿ ಸಾರ್."

ಆ ಕಡೆ ಕಾಗದ ತಿರುವಿದ ಸದ್ದು. ಆಮೇಲೆ ಗಂಭೀರವಾದ ದನಿ: "ತುಂಬಾ ಸಂತೋಷ. ನಾವೇ ಕೇಳಬೇಕು ಅಂತಿದ್ವಿ. ಕಾಲ್ಮಾ ಇಲ್ಲದ ಕಡೆ ನಾವು ಬಟ್ಟೆ ಕೊಡೋದೇ ಇಲ್ಲ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ನಮ್ಮಲ್ಲಿದೆ. ಇಲ್ಲಿ ಕಟ್ಟಿದ್ದಷ್ಟೇ ಅಲ್ಲ, ಹಾಲು ಕರೆದು ಕಾಯಿಸಿ ಕುಡಿದೂ ಆಯಿತು.

ಮರುದಿನ ಹನ್ನೆರಡು ಹೊಡೆದಾಗ ಗೊತ್ತು ಸಾರ್ ಹಾಲಿಗೆ ಬಂದು, "ಎಲ್ಲಾ ಕೈ ಬಿಡಿ. ಕಾಲ್ಮಾ!" ಎಂದು ಕೂಗಿ ರೋಲರಿನ ಸ್ವಿಚ್ಚನ್ನು ಕೆಳಗೆಳೆದ.

ಉರುಳೆಗಳು ಗೊರಗೊರ ಎಂದು ನಿಂತವು. ಹೆಂಗಸರು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದೇ ನಿಂತಿದ್ದರು. ಏನಾದರೂ ಕೆಟ್ಟಿತೋ, ಯಾರಾದರೂ ಸತ್ತರೋ ಗೊತ್ತಾಗದೆ. "ಕೂತ್ಕೊಳ್ರಮ್ಮಾ" ಎಂದ ಗೊತ್ತು ಸಾರ್. ಯಾರೂ ಕೂರಲಿಲ್ಲ. "ಕೂರಿ ಅಂದ್ರೆ ಕೂರಿ! ಕೂರದೆ ಇದ್ದರೆ ಸಂಬಳ ಹಿಡೀತೀನಿ!" ಆಗ ಕೂತರು. ಅತ್ತಿಗೆ ಗೋಡೆಗೆ ಒರಗಿದ್ದೇ ತಡ, ಬಾಯಿ ತೆರೆದು ನಿದ್ದೆ ಹೋದಳು. ಮದುವೆಯಾಗಿ ಬಂದಾಗಿನಿಂದ ಅವಳು ಹಗಲಲ್ಲಿ ಕಣ್ಣು ಮುಚ್ಚಿದ್ದನ್ನು ಮಡಚಣ್ಣ ಕಂಡದ್ದು ಎರಡೇ ಸಲ, ಆ ಎರಡು ಸಲವೂ ಅವಳು ಬಿದ್ದಿದ್ದಳು.

ಮಡಚಣ್ಣ ಮಾತ್ರ ಕೂರಲಿಲ್ಲ. ಗೊತ್ತು ಸಾರ್ ಹಿಂದೆ ಹೋಗಿ ಪಿಸುಗುಟ್ಟಿದ. "ಸಾರ್, ಥ್ಯಾಂಕ್ಸ್ ಸಾರ್. ಆದರೆ ಒಂದು ವಿಷಯ. ಕಾಲ್ಮಾ ಅಂದ್ರೆ ಅದೊಂದು ಪದ ಅಷ್ಟೇ."

"ಗೊತ್ತು, ಗೊತ್ತು. ಎಲ್ಲಾ ಕಾನೂನೂ ಮೊದಲು ಪದವೇ. ಹೋಗಿ ಕೂತ್ಕೋ. ನಿಂತು ಕಾಲ್ಮಾ ಕೆಡಿಸಬೇಡ."

ಎರಡು ದಿನ ಬಿಟ್ಟು ಕಾರ್ಮಿಕ ಇಲಾಖೆಯ ಅಧಿಕಾರಿ ಬಂದರು. ಬರುವುದು ವರ್ಷಕ್ಕೊಮ್ಮೆ, ಬಂದು ಗೋಡೆ ನೋಡಿ, ತಿಂಡಿ ತಿಂದು ಹೋಗುವುದು ಪದ್ಧತಿ. ಅಂದು ಗ್ರಹಚಾರಕ್ಕೆ ಸರಿಯಾಗಿ ಹನ್ನೆರಡರ ಮೇಲೆ ಬಂದರು. ಇಡೀ ಇಸ್ತ್ರಿಮನೆ ಮಲಗಿತ್ತು.

"ಏನ್ರೀ ಇದು? ಮುಷ್ಕರವಾ?"

ಮಾಲೀಕರು ಎದೆಯುಬ್ಬಿಸಿದರು. "ಕಾಲ್ಮಾ ಸಾರ್. ತಮಗೆ ತಿಳಿಯದ್ದೇನಿದೆ."

ಅಧಿಕಾರಿಯ ಕಣ್ಣು ಒಮ್ಮೆ ಛಾವಣಿಗೆ ಹೋಗಿ ಬಂತು. ಸರ್ಕಾರ ಗೊತ್ತಿಲ್ಲ ಎನ್ನುವಂತಿಲ್ಲ. ಗೊತ್ತಿಲ್ಲದಾಗ ಸರ್ಕಾರ ತಪ್ಪು ಹುಡುಕುತ್ತದೆ.

"ಕಾಲ್ಮಾ ಅಂತ ಕಾಣುತ್ತೆ, ಸರಿ. ಆದರೆ ಇದೆಂಥ ಕಾಲ್ಮಾ ಸ್ವಾಮೀ? ಕಿಟಕಿಗೆ ಪರದೆ ಎಲ್ಲಿ? ಬರೀ ನೆಲದ ಮೇಲೆ ಕಾಲ್ಮಾ ಮಾಡ್ತಾರಾ ಯಾರಾದ್ರೂ? ಚಾಪೆ ಬೇಡವಾ? ಕುಡಿಯೋ ನೀರು?"

"ಹಾಕಿಸ್ತೀವಿ ಸಾರ್."

"ಎಷ್ಟು ಹೊತ್ತು ಕೊಡ್ತಿದೀರಿ?"

"ಅರ್ಧ ಗಂಟೆ."

"ಅರ್ಧಾ!" ಅಧಿಕಾರಿಗೆ ದಾರಿ ಸಿಕ್ಕಿತ್ತು. "ಅದು ಚಳಿಗಾಲದ್ದು. ಬೇಸಿಗೆ ಕಾಲ್ಮಾ ಪೂರ್ತಿ ಒಂದು ಗಂಟೆ."

ಮಡಚಣ್ಣ ಮಲಗಿದಲ್ಲಿಂದ ತಲೆಯೆತ್ತಿ, "ಸಾರ್, ನಿಜ ಹೇಳ್ಬೇಕಂದ್ರೆ..." ಎನ್ನುವಷ್ಟರಲ್ಲಿ ಪಟಾಕಿ ಅವನ ಬಾಯಿಗೆ ದಿಂಬಿನ ಕವರು ತುರುಕಿದಳು.

ಪರದೆ ಬಂತು, ಚಾಪೆ ಬಂತು, ನೀರಿನ ಡ್ರಮ್ಮಿಗೆ ನಲ್ಲಿ ಬಂತು. ಅಧಿಕಾರಿ ಕಚೇರಿಗೆ ಹೋಗಿ, ತಮ್ಮ ವ್ಯಾಪ್ತಿಯಲ್ಲಿ ಕಾಲ್ಮಾ ಜಾರಿಗೆ ತಂದದ್ದು ತಾವೇ ಎಂದು ಮೇಲಧಿಕಾರಿಗಳ ಸಭೆಯಲ್ಲಿ ಎದ್ದು ನಿಂತು ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ. ಮೇಲಧಿಕಾರಿಗಳು, "ಇಷ್ಟು ತಡವಾಗಿ ಯಾಕೆ?" ಎಂದು ಗದರಿದರಂತೆ.

ಶನಿವಾರದ ಹೊತ್ತಿಗೆ ಸುದ್ದಿ ಹಬ್ಬಿತು: ಭಾನುವಾರ ಸೈಕಲ್ ಅಂಗಡಿಯ ಮಹಡಿಯಲ್ಲಿ ಮಡಚಣ್ಣನಿಂದ ಕಾಲ್ಮಾ ಕುರಿತು ಭಾಷಣ. ತಮ್ಮ ಕಾಲ್ಮಾದ ಬಗ್ಗೆ ತಮ್ಮ ಕೆಲಸಗಾರನೇ ಮಾತಾಡುವಾಗ ಮಾಲೀಕರು ಸುಮ್ಮನಿದ್ದಾರೆಯೇ? ಮುಖ್ಯ ಅತಿಥಿಯಾಗಿ ತಾವೇ ಬರುವುದಾಗಿ, ಅಧಿಕಾರಿಗಳನ್ನೂ ಕರೆತರುವುದಾಗಿ ಹೇಳಿ ಕಳಿಸಿದರು. ಮಡಚಣ್ಣ ಸುದ್ದಿ ತಂದವನಿಗೆ ಥ್ಯಾಂಕ್ಸ್ ಹೇಳಿ ನೇರ ಅಣ್ಣನ ಮನೆಗೆ ಓಡಿದ.

ಅಂದು ಸಂಜೆ ಅಣ್ಣನ ಮನೆಯಲ್ಲಿ ದೊಡ್ಡ ಪಂಚಾಯಿತಿ. ಮಂಚದ ಮೇಲೆ ಅಣ್ಣ, ಸುತ್ತ ಉಳಿದವರು.

"ಪದ ಅಂತ ಹೇಳ್ಲೇಬೇಡಿ" ಎಂದಳು ಹೆಂಡತಿ. "ಕಾನೂನು ಅಂತ ಹೇಳಿ ಕೂತುಬಿಡಿ."

"ಹೊಟ್ಟೆನೋವು ಅಂತ ಹೋಗ್ಲೇಬೇಡ" ಎಂದ ಅಣ್ಣ.

"ಆ ಸ್ಪೇನಿನ ಸಹವಾಸ ಬೇಡ ಅಂತ ಅವತ್ತೇ ಹೇಳಿದ್ದೆ" ಎಂದರು ಅತ್ತೆ. ಚೀಟಿ ನೋಡಿದ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

"ನಿಜ ಹೇಳಿದ್ರೆ ಸೋಮವಾರದಿಂದ ರೋಲರ್ ನಿಲ್ಲಲ್ಲ" ಎಂದ ಮಡಚಣ್ಣ. "ಅತ್ತಿಗೆ ಮತ್ತೆ ಬೀಳ್ತಾರೆ. ಬಿದ್ರೆ ಗೇಟಿನ ಹೊರಗೆ. ಸುಳ್ಳು ಹೇಳಿದ್ರೆ ಬಳಗಕ್ಕೆ ದ್ರೋಹ. ಮೇಡಂ ಮುಂದೆ ನಾಲಿಗೆ ಹೊರಳಲ್ಲ."

ಅತ್ತಿಗೆ ಮೂಲೆಯಲ್ಲಿ ಕೂತು ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಲೆಯೆತ್ತಲಿಲ್ಲ.

"ಹೇಳಪ್ಪಾ ನಿಜಾನೇ. ಈ ವಾರ ಮಲಗಿದೆ, ಸರಿ. ಆದರೆ ಯಾವಾಗ ಗೊತ್ತಾಗುತ್ತೋ ಅಂತ ಒಂದು ಕಣ್ಣು ತೆರೆದೇ ಇತ್ತು. ಸುಳ್ಳಿನ ಮೇಲೆ ಚಾಪೆ ಹಾಕಿದ್ರೆ ಬೆನ್ನಿಗೆ ಚುಚ್ಚುತ್ತೆ. ನೀನು ನಿನ್ನ ಮಾತು ಹೇಳು. ನನ್ನ ಮಾತು ನಾನು ನೋಡ್ಕೋತೀನಿ."

ಭಾನುವಾರ ಆ ಮಹಡಿ ಹಿಂದೆಂದೂ ಅಷ್ಟು ಜನರನ್ನು ಕಂಡಿರಲಿಲ್ಲ. ಮುಂದಿನ ಸಾಲಿನಲ್ಲಿ ಮಾಲೀಕರು, ಅಧಿಕಾರಿ, ಅವರ ಹಿಂದೆ ಕುರ್ಚಿಯ ತುದಿಯಲ್ಲಿ ಗೊತ್ತು ಸಾರ್. ಗೋಡೆಯುದ್ದಕ್ಕೂ ಇಸ್ತ್ರಿಮನೆಯ ಹೆಂಗಸರು. ಬೀದಿಯವರೆಲ್ಲ ಕಾಲ್ಮಾ ಹೇಗಿದ್ದಾಳೆ ನೋಡೋಣ ಎಂದು ಬಂದು, ಅವಳೆಲ್ಲೂ ಕಾಣದೆ, ಮುಖ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

ಮಡಚಣ್ಣ ನಿಂತ. ಮೊದಲು ಮೇಡಂಗೆ ಥ್ಯಾಂಕ್ಸ್ ಹೇಳಿದ, ಬಳಗಕ್ಕೆ ಹೇಳಿದ, ಮಾಲೀಕರಿಗೆ, ಇಲಾಖೆಗೆ, ಚಾಪೆ ಹೆಣೆದವರಿಗೆ, ಸೈಕಲ್ ಅಂಗಡಿಗೆ, ಮೆಟ್ಟಿಲಿಗೆ ಹೇಳಿದ. ಥ್ಯಾಂಕ್ಸ್ ಹೇಳಲು ಇನ್ನಾರೂ ಉಳಿಯದೆ ಮಾತಿಗೆ ಬರಲೇಬೇಕಾಯಿತು.

"ಕಾಲ್ಮಾ ಅನ್ನೋದು ಒಂದು ಪದ" ಎಂದ. "ಕಾನೂನಲ್ಲ. ನಿಯಮ ಅಲ್ಲ. ಡಬ್ಬದೊಳಗೆ ಕೈ ಹಾಕಿದಾಗ ನನಗೆ ಸಿಕ್ಕಿದ್ದು. ಸ್ಪೇನಿನವರು ಶಾಂತಿಗೆ ಹಾಗಂತಾರೆ. ಅದಕ್ಕೂ ಮೊದಲು ಗ್ರೀಕರ ಹತ್ತಿರ ಅದು ಉರಿ. ಸುಡು ಬಿಸಿಲು. ಅಷ್ಟು ಬಿಸಿಲಿದ್ದಾಗ ಜನ ಕೂತ್ಕೊಳ್ತಿದ್ರು. ಅವರಿಗೆ ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಬಿಸಿಲಿತ್ತು, ಕೂತರು. ನನಗೆ ತಿಳಿದಿದ್ದು ಇಷ್ಟೇ. ತಪ್ಪಾಗಿದ್ದರೆ ಕ್ಷಮಿಸಿ."

ಮಾಲೀಕರ ಮುಖದ ಮೇಲಿದ್ದ ನಗು ಇಳಿಯಲು ಜಾಗ ಸಿಗದೆ ಅಲ್ಲೇ ನೇತಾಡುತ್ತಿತ್ತು. ಅಧಿಕಾರಿ ತಮ್ಮ ಗಡಿಯಾರ ನಿಂತಿದೆಯೇನೋ ಎಂಬಂತೆ ಅದನ್ನೇ ನೋಡುತ್ತಿದ್ದರು. ಎಲ್ಲರ ಕಣ್ಣೂ ಗೊತ್ತು ಸಾರ್ ಕಡೆಗೆ ತಿರುಗಿತು. ಅವನ ಬಾಯಿ 'ಗೊ' ಎನ್ನುವ ಆಕಾರಕ್ಕೆ ಬಂದು ಅಲ್ಲಿಯೇ ಉಳಿಯಿತು.

ಆಗ ಗೋಡೆಯ ಬಳಿಯಿಂದ ಅತ್ತಿಗೆ ಎದ್ದಳು.

"ಸಾಹೇಬ್ರೇ, ಪದ ಎಲ್ಲಿಂದಾದ್ರೂ ಬಂದಿರಲಿ. ನಾಳೆ ಹನ್ನೆರಡಕ್ಕೆ ರೋಲರ್ ನಿಲ್ಲುತ್ತೋ ಇಲ್ವೋ?"

ಮಾಲೀಕರು ಅಧಿಕಾರಿಯನ್ನು ನೋಡಿದರು. ಅಧಿಕಾರಿ ಮಾಲೀಕರನ್ನು ನೋಡಿದರು. ಪಟಾಕಿ ಎದ್ದು ನಿಂತಳು. ಅಂದು ಮೊದಲ ಸಲ ಅವಳು ಸಿಡಿಯಲಿಲ್ಲ, ಸುಮ್ಮನೆ ನಿಂತಳು. ಅವಳ ಪಕ್ಕದವಳು ಎದ್ದಳು. ಹಾಗೆಯೇ ಗೋಡೆಯುದ್ದಕ್ಕೂ. ಸದ್ದಿಲ್ಲ, ಘೋಷಣೆಯಿಲ್ಲ. ದಿನವಿಡೀ ನಿಲ್ಲುವುದನ್ನು ಕಲಿತವರು ನಿಂತರೆ ಕೂತವರಿಗೆ ಬೆವರುತ್ತದೆ ಎಂಬುದು ಆ ಸಂಜೆ ಸಾಬೀತಾಯಿತು.

ಅಧಿಕಾರಿ ಕರವಸ್ತ್ರ ತೆಗೆದು ಎದ್ದರು. ಇಲ್ಲ ಎಂದರೆ ಸಭೆಯಲ್ಲಿ ಗಿಟ್ಟಿಸಿದ ಚಪ್ಪಾಳೆಯನ್ನು ವಾಪಸು ಕೊಡಬೇಕಿತ್ತು. ಚಪ್ಪಾಳೆಯನ್ನು ವಾಪಸು ಕೊಟ್ಟ ಅಧಿಕಾರಿ ಇನ್ನೂ ಹುಟ್ಟಬೇಕು.

"ಬಂಧುಗಳೇ, ಈ ಸೋದರ ಮುಗ್ಧ. ಇವರು ಹೇಳಿದ್ದು ನಿಘಂಟಿನ ಕಾಲ್ಮಾ. ನಾವು ಜಾರಿಗೆ ತಂದದ್ದು ಆಡಳಿತದ ಕಾಲ್ಮಾ. ಇವೆರಡನ್ನೂ ಗೊಂದಲ ಮಾಡಿಕೊಳ್ಳಬಾರದು."

"ಅದನ್ನೇ ನಾನೂ ಹೇಳೋಣ ಅಂತಿದ್ದೆ!" ಮಾಲೀಕರು ಎದ್ದೇಬಿಟ್ಟರು. "ವಿದೇಶದಲ್ಲಿ ನಾನು ಕಣ್ಣಾರೆ ನೋಡಿದ್ದು ಎರಡನೆಯದು."

"ಗೊತ್ತು, ಗೊತ್ತು" ಎಂದು ಗೊತ್ತು ಸಾರ್ ಕೊನೆಗೂ ಉಸಿರು ಬಿಟ್ಟ.

"ಕಾಲ್ಮಾದ ಚಾರಿತ್ರಿಕ ಹಿನ್ನೆಲೆಯನ್ನು ಗಮನಿಸಿದರೆ" ಎಂದು ಅಧಿಕಾರಿ ಮುಂದುವರಿಸಿದರು.

"ಭಾಷಣ ಆಮೇಲೆ ಮಾಡಿ ಸ್ವಾಮೀ" ಎಂದಳು ಅತ್ತಿಗೆ. "ನಿಲ್ಲುತ್ತೋ, ಇಲ್ವೋ? ಇಷ್ಟು ಜನರ ಮುಂದೆ ಒಂದು ಮಾತು."

"ನಿಲ್ಲುತ್ತೆ" ಎಂದರು ಅಧಿಕಾರಿ.

"ಒಂದು ಗಂಟೆ?"

ಮಾಲೀಕರು ಹಣೆಯ ಬೆವರು ಒರೆಸಿಕೊಂಡರು. "ಒಂದು ಗಂಟೆ."

ಲೈಬ್ರರಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಮಾಲೀಕರನ್ನೂ ಅಧಿಕಾರಿಯನ್ನೂ ನೋಡಿದರು. "ಹೋಗಲಿ ಬಿಡಿ, ಈ ಪದಕ್ಕೆ ಇಬ್ಬರು ಹೊಸ ನೆಂಟರು ಸಿಕ್ಕರು" ಎಂದರು. ಮಡಚಣ್ಣ ಅಧಿಕಾರಿಯ ಬಳಿ ಹೋಗಿ, ಅವರು ತನ್ನನ್ನು ಮುಗ್ಧ ಎಂದದ್ದಕ್ಕೆ ಮನಸಾರೆ ಥ್ಯಾಂಕ್ಸ್ ಹೇಳಿದ. ಅವರು ಎರಡು ಕಾಲ್ಮಾಗಳ ವ್ಯತ್ಯಾಸವನ್ನು ಅವನಿಗೆ ಮೆಟ್ಟಿಲಿಳಿಯುವ ತನಕ ವಿವರಿಸಿದರು. ಅವನಿಗೆ ಅದು ಅರ್ಥವಾಗಲಿಲ್ಲ, ಆದರೆ ಸಂತೋಷವಾಯಿತು.

ಬೀದಿಯಲ್ಲಿ ಅತ್ತಿಗೆ ಜೊತೆಗೆ ನಡೆಯುವಾಗ ಅವನು, "ಅವರಿಗೆ ನೀವೂ ಒಂದು ಮಾತು ಥ್ಯಾಂಕ್ಸ್ ಹೇಳಬಹುದಿತ್ತು ಅತ್ತಿಗೆ" ಎಂದ.

"ನೆರಳಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೋ? ಬಿಸಿಲಿತ್ತು, ಕೂತರು ಅಂತ ನೀನೇ ಹೇಳ್ದ್ಯಲ್ಲ." ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. "ಅವರಿಗೆ ಯಾಕೆ ಹೇಳ್ಲಿ? ಹೇಳೋದಾದ್ರೆ ನಿನಗೆ ಹೇಳ್ಬೇಕು. ಹೇಳಿದೆ ಅಂತ ತಿಳ್ಕೋ. ಮತ್ತೆ ಮತ್ತೆ ಹೇಳಿಸಬೇಡ."

ಹುಟ್ಟಿದಾಗಿನಿಂದ ಎಲ್ಲರಿಗೂ ಥ್ಯಾಂಕ್ಸ್ ಹಂಚಿದ ಮನುಷ್ಯನಿಗೆ, ಅದು ತನ್ನ ಕಡೆಗೆ ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ದೀಪದ ಕಂಬಕ್ಕೆ ಢಿಕ್ಕಿ ಹೊಡೆದು, ಕಂಬದ ಕ್ಷಮೆ ಕೇಳಿದ.

ಆ ಬೇಸಿಗೆಯ ಕೊನೆಯಲ್ಲಿ ಹೊಸ ಹೋಟೆಲಿನ ಹೊರದೇಶದ ದೊಡ್ಡವರು ಲಾಂಡ್ರಿ ನೋಡಲು ಬಂದರು. ಮಾಲೀಕರು ಅವರನ್ನು ಹನ್ನೆರಡೂವರೆಗೆ ಸರಿಯಾಗಿ ಹಾಲಿಗೆ ಕರೆತಂದರು. ಬಾಗಿಲಲ್ಲಿ ಗೊತ್ತು ಸಾರ್ ತುಟಿಗೆ ಬೆರಳಿಟ್ಟು ನಿಂತಿದ್ದ. ಪರದೆ ಎಳೆದಿತ್ತು. ಚಾಪೆಗಳ ಸಾಲು, ಸಾಲಿನ ನಡುವೆ ಕಿರಿದಾದ ದಾರಿ, ದಾರಿಯ ಪಕ್ಕದಲ್ಲೇ ಅತ್ತಿಗೆಯ ತಲೆ. ಮಾಲೀಕರು ಬಗ್ಗಿ ತಮ್ಮ ಬೂಟು ಬಿಚ್ಚಿದರು. ಅವರನ್ನು ನೋಡಿ ಬಂದವರೆಲ್ಲ ಬಿಚ್ಚಿದರು. ಕೋಟು ತೊಟ್ಟ ಆ ದೊಡ್ಡ ಮನುಷ್ಯರೆಲ್ಲ ಬೂಟನ್ನು ಕೈಯಲ್ಲಿ ಹಿಡಿದು, ತುದಿಗಾಲಿನ ಮೇಲೆ, ಉಸಿರು ಬಿಗಿಹಿಡಿದು, ಒಬ್ಬೊಬ್ಬರಾಗಿ ಅವಳ ತಲೆಯ ಪಕ್ಕದಲ್ಲಿ ಹಾದುಹೋದರು.

ಅಂಥ ದೃಶ್ಯವನ್ನು ನೋಡುವ ಭಾಗ್ಯ ಅತ್ತಿಗೆಗೆ ಇರಲಿಲ್ಲ. ಅವಳಿಗೆ ಎರಡೂ ಕಣ್ಣು ಮುಚ್ಚಿದ ಗಾಢ ನಿದ್ದೆ.